ಆ ಒಂದು ಪ್ಯಾರಾಚೂಟ್

ಕಾರಿನಲ್ಲಿ ಕೂತ ಕೂಡಲೇ ಸೀಟ್ ಬೆಲ್ಟ್ ಹಾಕಿಕೊಂಡು, ಕೊಂಡಿ ಸರಿಯಾಗಿ ಕಚ್ಚಿದೆಯೋ ಇಲ್ಲವೋ ಎಂದು ಎರಡೂ ಕೈಯಲ್ಲಿ ಜಗ್ಗಿ ನೋಡುವ ಚಾಳಿ ನನಗಿದೆ. ಮೆಲ್ಲಗೆ ಜಗ್ಗುವುದಲ್ಲ, ಬಾವಿಯಿಂದ ತುಂಬಿದ ಕೊಡ ಸೇದಿದ ಹಾಗೆ. ಮೊನ್ನೆ ನಾಗಸಂದ್ರದಿಂದ ಹೊರಟಾಗ ಬಾಡಿಗೆ ಕಾರಿನ ಹುಡುಗ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದವನು ತಡೆಯಲಾರದೆ ಕೇಳಿಯೇಬಿಟ್ಟ.

"ಮೇಡಂ, ಬೆಲ್ಟ್ ಕಿತ್ಕೊಂಡ್ ಮನೆಗೆ ತಗೊಂಡ್ಹೋಗ್ತೀರಾ?"

"ಇಲ್ಲಪ್ಪ, ಗಟ್ಟಿ ಇದ್ಯಾ ಅಂತ ನೋಡ್ದೆ."

"ತುಮಕೂರು ರೋಡಲ್ಲಿ ಈ ಹೊತ್ನಲ್ಲಿ ಗಾಡಿ ತೆವಳೋದು ಮೇಡಂ. ನಿಮ್ಗೆ ಬೆಲ್ಟ್ ಅಲ್ಲ, ದಿಂಬು ಬೇಕು."

ಅವನು ಹೇಳಿದ್ದು ನಿಜವೇ. ಆದರೆ ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳಿಗೆ ಒಂದು ದೌರ್ಬಲ್ಯ ಇರುತ್ತದೆ. ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಒಂದು ಗಂಟೆಯ ಉತ್ತರ ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ. ಅವನ ಪುಣ್ಯ, ಅಷ್ಟರಲ್ಲಿ ಸಿಗ್ನಲ್ ಬಿಟ್ಟಿತು. ಅವನಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ.

ಈ ಜಗ್ಗುವ ಚಾಳಿ ನನ್ನದಲ್ಲ, ನನ್ನ ಸೋದರತ್ತೆಯದು. ರತ್ನತ್ತೆ ನಮ್ಮ ಅಪ್ಪನ ತಂಗಿ. ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ, ಪ್ಯಾರಾಚೂಟಿನ ಪಟ್ಟಿಗಳಿಗೆ ಬೇಕಾದ ಕೊಂಡಿ, ಬಕಲ್‌ಗಳನ್ನು ಮಾಡುವ ಕಡೆ, ತಯಾರಾದ ಮಾಲನ್ನು ಪರೀಕ್ಷಿಸುವ ಕೆಲಸದಲ್ಲಿ ಅವಳು ತಲೆ ನರೆಯುವ ತನಕ ಇದ್ದಳು. ಬೇಸಿಗೆ ರಜೆಯಲ್ಲಿ ಅವಳ ಊಟದ ಡಬ್ಬಿಯನ್ನು ಜಾಲಹಳ್ಳಿಯ ನಮ್ಮ ಮನೆಯಿಂದ ಅಲ್ಲಿಗೆ ಒಯ್ಯುತ್ತಿದ್ದವಳು ನಾನು. ಆಗಿನ ಪೀಣ್ಯ ಎಂದರೆ ಕೆಂಪು ಮಣ್ಣು, ನೀಲಗಿರಿ ಮರ, ಅಲ್ಲೊಂದು ಇಲ್ಲೊಂದು ತಗಡಿನ ಮಾಡು. ಲೇತ್ ಯಂತ್ರದಿಂದ ಸುರುಳಿ ಸುರುಳಿಯಾಗಿ ಬೀಳುತ್ತಿದ್ದ ನೀಲಿ ಬಣ್ಣದ ಲೋಹದ ಎಳೆಗಳು ನನಗೆ ಬಳೆಯ ಹಾಗೆ ಕಾಣುತ್ತಿದ್ದವು. ಒಮ್ಮೆ ಹಾಕಿಕೊಂಡೂ ನೋಡಿದೆ. ಮಣಿಕಟ್ಟಿನ ಆ ಗೆರೆ ಇನ್ನೂ ಇದೆ. ಕಾಲೇಜಿನಲ್ಲಿ ಗೆಳತಿಯರು ಅದೇನೆಂದು ಕೇಳಿದಾಗ ಒಂದು ಭಗ್ನಪ್ರೇಮದ ಕಥೆ ಕಟ್ಟಿದ್ದೆ. ಯಾರೂ ನಂಬಲಿಲ್ಲ.

ಅತ್ತೆ ಒಂದೊಂದು ಕೊಂಡಿಯನ್ನೂ ಯಂತ್ರಕ್ಕೆ ಸಿಕ್ಕಿಸಿ ಎಳೆಸುವಳು. ಯಂತ್ರ ಸರಿ ಎಂದಮೇಲೂ ತನ್ನ ಕೈಯಿಂದ ಇನ್ನೊಮ್ಮೆ ಜಗ್ಗುವಳು. ಮಾಲೀಕರಿಗೆ ತಲೆಬಿಸಿ.

"ರತ್ನಮ್ಮ, ಮಷೀನ್ ಓಕೆ ಅಂದ್ಮೇಲೂ ನೀವ್ಯಾಕ್ರೀ ಎಳೀತೀರಾ?"

"ಮಷೀನಿಗೆ ಮನೇಲಿ ಕಾಯೋರು ಯಾರೂ ಇಲ್ಲ ಸಾರ್," ಎನ್ನುವಳು.

ಮಾಲೀಕರು ಗೊಣಗುತ್ತ ಹೋಗುವರು. ಅವರೂ ಒಳ್ಳೆಯವರೇ. ಅವಳ ಹಿನ್ನೆಲೆ ಅವರಿಗೆ ಗೊತ್ತಿತ್ತು.

ಹಿನ್ನೆಲೆ ಎಂದರೆ ರಘುಮಾವ, ಅತ್ತೆಯ ಗಂಡ. ವಾಯುಪಡೆಯಲ್ಲಿ ನ್ಯಾವಿಗೇಟರ್ ಆಗಿದ್ದರು. ಇಬ್ಬರು ಕೂರುವ ಬಾಂಬರ್ ವಿಮಾನದಲ್ಲಿ ಪೈಲಟ್ ಹಾರಿಸುತ್ತಾನೆ, ನ್ಯಾವಿಗೇಟರ್ ದಾರಿ ಹೇಳುತ್ತಾನೆ. ಇಷ್ಟು ದೊಡ್ಡ ಆಕಾಶದಲ್ಲಿ ದಾರಿ ಹೇಳುವ ಈ ಮನುಷ್ಯ ಮದುವೆಯ ಸೀರೆ ತರಲು ಹೋಗಿ ಚಿಕ್ಕಪೇಟೆಯ ಗಲ್ಲಿಗಳಲ್ಲಿ ಕಳೆದುಹೋಗಿದ್ದರು. ನಮ್ಮ ತಾತ ಅವರನ್ನು ಒಂದು ಪಾತ್ರೆ ಅಂಗಡಿಯ ಮುಂದೆ ಪತ್ತೆ ಮಾಡಿದಾಗ, "ಮೇಲಿಂದ ನೋಡಿದ್ರೆ ದಾರಿ ಕಾಣತ್ತೆ ಮಾವಯ್ಯ, ಇಲ್ಲಿ ಬರೀ ತಪ್ಪಲೆ ಕಾಣ್ತಾ ಇದೆ" ಎಂದಿದ್ದರಂತೆ. ಅವರ ಮುಖ ನನಗೆ ಅಷ್ಟಾಗಿ ನೆನಪಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡುವಾಗ ಅವರ ತಲೆಗೂದಲಿನಿಂದ ಬರುತ್ತಿದ್ದ ಎಣ್ಣೆಯ ವಾಸನೆ ಮಾತ್ರ ನೆನಪಿದೆ.

ಎಪ್ಪತ್ತೊಂದರ ಯುದ್ಧ ಶುರುವಾಗುವ ಮುಂಚೆಯೇ ಅತ್ತೆಯನ್ನು ತವರಿಗೆ ಕಳಿಸಿದ್ದರು. ಅದೇ ವಿಮಾನದ ಪೈಲಟ್ ಸಂಪತ್ ಅವರ ಹೆಂಡತಿ ವಸಂತಾ ಕೂಡ ಬೆಂಗಳೂರಿನವರೇ, ಅಲಸೂರಿನ ತಮಿಳು ಮನೆಯ ಹುಡುಗಿ. ಉತ್ತರದ ವಾಯುನೆಲೆಯಲ್ಲಿ ಇಬ್ಬರದೂ ಅಕ್ಕಪಕ್ಕದ ಮನೆ. ಒಂದೇ ರೈಲಿನಲ್ಲಿ ಬಂದಿಳಿದರು. ನನಗಾಗ ಏಳು ವರ್ಷ. ಯುದ್ಧವೆಂದರೆ ನಮ್ಮ ಮನೆಯಲ್ಲಿ ತಾತ ಕಿಟಕಿ ಗಾಜಿಗೆ ಕಪ್ಪು ಕಾಗದ ಅಂಟಿಸಿದ್ದು. ಮೈದಾ ಅಂಟು ಕುದಿಸಿದವಳು ಅಜ್ಜಿ. "ಜಾಲಹಳ್ಳಿ ಎಲ್ಲಿದೆ ಅಂತ ನಮ್ಮ ಬಸ್ ಕಂಡಕ್ಟರಿಗೇ ಗೊತ್ತಿಲ್ಲ, ಅವ್ರಿಗೇನು ಗೊತ್ತಾಗತ್ತೆ?" ಎನ್ನುತ್ತಲೇ ಅಂಟು ಕಲಕಿದಳು.

ಆಮೇಲೆ ತಂತಿ ಬಂತು. ಕಾಣೆಯಾಗಿದ್ದಾರೆ ಎಂದು.

ಈ "ಕಾಣೆಯಾಗಿದ್ದಾರೆ" ಎಂಬ ಮಾತು ನನಗೆ ಹೆದರಿಕೆ ಹುಟ್ಟಿಸಲಿಲ್ಲ. ನಮ್ಮ ಮನೆಯಲ್ಲಿ ಕಾಣೆಯಾದದ್ದೆಲ್ಲ ಕೊನೆಗೆ ಅಟ್ಟದ ಮೇಲೆ ಸಿಗುತ್ತಿತ್ತು. ತಾತನ ಕೊಡೆ, ಬೆಳ್ಳಿ ಹೂಬಟ್ಟಲು, ನನ್ನ ಒಂದು ಜೊತೆ ಬೂಟು ಎಲ್ಲ. ದೊಡ್ಡವರು ನಡುಮನೆಯಲ್ಲಿ ಅಳುತ್ತ ಕೂತಿದ್ದಾಗ ನಾನು ಏಣಿ ಹತ್ತಿ ಅಟ್ಟಕ್ಕೆ ಹೋಗಿ ಹುಡುಕತೊಡಗಿದೆ. ಹಳೆಯ ಟ್ರಂಕು ಸರಿಸಿದ ಸದ್ದಿಗೆ ಅತ್ತೆ ಬಂದಳು.

"ಏನೇ ಮಾಡ್ತಿದೀಯಾ ಪುಟ್ಟಿ ಅಲ್ಲಿ?"

"ಮಾವನ್ನ ಹುಡುಕ್ತಿದೀನಿ."

ಬೈಯುತ್ತಾಳೆ ಎಂದುಕೊಂಡೆ. ಅವಳು ಏಣಿ ಅಲುಗದ ಹಾಗೆ ಹಿಡಿದುಕೊಂಡು ಮೇಲೆ ನೋಡಿದಳು. ಆಮೇಲೆ, "ಆ ಮೂಲೆನೂ ಒಂದ್ಸಲ ನೋಡ್ಬಿಡು" ಎಂದಳು.

ನೋಡಿದೆ. ಹಿತ್ತಾಳೆಯ ಒಂದು ಒರಳು ಸಿಕ್ಕಿತು.

ಕೆಲವು ದಿನ ಕಳೆದು ಮಾವನ ದಳದ ಒಬ್ಬ ಅಧಿಕಾರಿ ಮನೆಗೆ ಬಂದರು. ಮಾವ ಕಾಣೆಯಾದ ದಾಳಿಯಲ್ಲಿ ಇನ್ನೊಂದು ವಿಮಾನದಲ್ಲಿ ಜೊತೆಗಿದ್ದವರು. ಇಂಗ್ಲಿಷಿನಲ್ಲಿ ಅವರು ಹೇಳಿದ್ದನ್ನು ಅಪ್ಪ ಅಜ್ಜಿಗಾಗಿ ಕನ್ನಡ ಮಾಡುತ್ತಿದ್ದರು. ದಾಳಿ ಮುಗಿಸಿ ತಿರುಗುವಾಗ ಬೆಳಕು ಹರಿಯುತ್ತಿತ್ತು. ಕೆಳಗಿನಿಂದ ಹೊಡೆದ ಗುಂಡು ರಘುಮಾವ ಮತ್ತು ಸಂಪತ್ ಇದ್ದ ವಿಮಾನಕ್ಕೆ ತಗುಲಿತು. ರೆಕ್ಕೆಗೆ ಬೆಂಕಿ ಹತ್ತಿತು. ವಿಮಾನ ವಾಲಿ ಕೆಳಗೆ ಹೋಯಿತು. ಆಗ ಅವರಿಗೆ ಒಂದು ಪ್ಯಾರಾಚೂಟ್ ಬಿಚ್ಚಿಕೊಂಡದ್ದು ಕಾಣಿಸಿತು.

"ಒಂದೇನಾ?" ಅಜ್ಜಿ ಕೇಳಿದಳು. "ಸರಿಯಾಗಿ ನೋಡಿದಾರಂತಾ ಕೇಳೋ."

ಅಪ್ಪ ಕೇಳಿದರು. ಆ ಅಧಿಕಾರಿ ಕಾಫಿ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕೂತಿದ್ದರು, ಕುಡಿದಿರಲಿಲ್ಲ. ತಾನು ನೋಡಿದ್ದು ಒಂದನ್ನೇ, ಅಷ್ಟರಲ್ಲಿ ತಮ್ಮ ವಿಮಾನ ಮುಂದೆ ಹೋಗಿಬಿಟ್ಟಿತು, ಇನ್ನೊಂದು ಇರಲಿಲ್ಲವೆಂದು ಹೇಳಲಾರೆ, ಇತ್ತೆಂದೂ ಹೇಳಲಾರೆ ಎಂದರು. ಆ ಒಂದು ಯಾರದೆಂದು ಗೊತ್ತಾಗುವ ದೂರವಲ್ಲ. ಇಲ್ಲಿಂದ ಅಲಸೂರಿಗೆ ಹೋಗಿ ಅಲ್ಲೂ ಇದನ್ನೇ ಹೇಳಬೇಕು ಎಂದು ಎದ್ದರು.

ಆ ಕ್ಷಣದಿಂದ ಎರಡು ಮನೆಗಳ ನಡುವೆ ಒಂದೇ ಒಂದು ಪ್ಯಾರಾಚೂಟ್ ಉಳಿಯಿತು. ನಮ್ಮ ಅಜ್ಜಿ ಒಳ್ಳೆಯವಳು, ಇರುವೆಗೆ ಸಕ್ಕರೆ ಹಾಕುತ್ತಿದ್ದವಳು. ಅವಳೂ ಅವತ್ತು ಸಂಜೆ ದೇವರ ಮುಂದೆ ಕೂತು, "ಅದು ನಮ್ಮ ರಘೂದೇ ಆಗ್ಲಪ್ಪ" ಎಂದು ಗಟ್ಟಿಯಾಗಿಯೇ ಕೇಳಿಕೊಂಡಳು. ಕೇಳಿಕೊಂಡ ಮೇಲೆ ನಾಲಗೆ ಕಚ್ಚಿಕೊಂಡಳೋ ಇಲ್ಲವೋ, ನನಗೆ ಗೊತ್ತಿಲ್ಲ.

ಮರುವಾರ ವಸಂತಾ ಆಂಟಿ ಬಂದರು. ಬಾಗಿಲಲ್ಲೇ ನಿಂತು ಹೇಳಿದರು: "ರತ್ನಾ, ನಾನ್ ಒಂದು ತಪ್ಪು ಮಾಡ್ಬಿಟ್ಟೆ ಮಾ. ಕೋವಿಲ್‌ಗೆ ಹೋಗಿ ಅದು ಸಂಪತ್‌ದೇ ಆಗ್ಲಿ ಅಂತ ಕೇಳ್ಕೊಂಡೆ. ಹೊರಗಡೆ ಬಂದು ಚಪ್ಪಲಿ ಹಾಕ್ಕೊಳ್ಳೋವಾಗ ನಿನ್ ಮುಖ ಜ್ಞಾಪಕ ಬಂತು. ಆಮೇಲೆ ಅನ್ನ ಇಳೀತಾ ಇಲ್ಲ."

ಅತ್ತೆ ಅವರ ಕೈ ಹಿಡಿದು ಒಳಗೆಳೆದುಕೊಂಡಳು. "ನಾನೂ ಕೇಳ್ಕೊಂಡಿದೀನಿ. ದಿನಾ ಕೇಳ್ಕೋತೀನಿ. ಇವತ್ತು ಬೆಳಗ್ಗೆ ಸ್ನಾನ ಮಾಡಿ ಮಡಿಯಲ್ಲಿ ಕೇಳ್ಕೊಂಡೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ನಕ್ಕರು. ನಕ್ಕದ್ದು ಅಳುವಾಯಿತು. ಎರಡೂ ಮುಗಿದ ಮೇಲೆ ಅತ್ತೆ ಕಣ್ಣು ಒರೆಸಿಕೊಂಡು ಹೇಳಿದಳು: "ಹೀಗೆ ಆಗಲ್ಲ ವಸಂತಾ. ನಾವಿಬ್ರೂ ಎರಡು ಕಡೆ ಎಳೆದ್ರೆ ದೇವ್ರಾದ್ರೂ ಏನ್ ಮಾಡ್ತಾನೆ. ಯಾರದ್ದಾದ್ರೂ ಆಗ್ಲಿ, ಇಳಿದೋನು ಬದುಕಿ ಬರ್ಲಿ ಅಂತ ಕೇಳೋಣ. ಬಂದೋನು ಇನ್ನೊಬ್ಬನ ಸುದ್ದಿ ತರ್ತಾನೆ. ಅಲ್ವಾ?"

ಅವತ್ತು ಇಬ್ಬರೂ ಒಂದೇ ತಟ್ಟೆಯಲ್ಲಿ ಮೊಸರನ್ನ ತಿಂದರು.

ಯುದ್ಧ ಮುಗಿಯಿತು. ಮುಂದೆ ಸೆರೆಯಾಳುಗಳೂ ಹಿಂತಿರುಗಿದರು. ರಘುಮಾವನೂ ಇಲ್ಲ, ಸಂಪತ್ ಅವರೂ ಇಲ್ಲ. ಬಂದವರಲ್ಲಿ ಯಾರೂ ಅವರನ್ನು ಕಂಡಿರಲಿಲ್ಲ. ನೆರೆಮನೆಯ ಹೆಂಗಸರು ಅಜ್ಜಿಯ ಹತ್ತಿರ ಕೂತು ದನಿ ತಗ್ಗಿಸಿ ಕುಂಕುಮದ ಮಾತು ತೆಗೆದರು. ಅತ್ತೆ ಒಳಗಿನಿಂದ ಬಂದಳು.

"ಸತ್ತಿದಾರೆ ಅಂತ ನೋಡಿದೋರು ಯಾರಾದ್ರೂ ಇದ್ರೆ ಬಂದು ಅಳಿಸ್ಲಿ," ಎಂದಳು. "ನೋಡದೇ ಇರೋರು ಕಾಫಿ ಕುಡ್ಕೊಂಡು ಹೋಗ್ಲಿ."

ಕಾಫಿ ಕುಡಿದು ಹೋದರು. ತಾತ ಪತ್ರಿಕೆಯಿಂದ ತಲೆ ಎತ್ತದೆ, "ಅವಳ ಹಣೆ, ಅವಳ ಕುಂಕುಮ" ಎಂದರು. ನಮ್ಮ ಮನೆಯಲ್ಲಿ ಆ ವಿಷಯ ಅಲ್ಲಿಗೆ ಮುಗಿಯಿತು. ಸರ್ಕಾರದಿಂದ "ಮೃತರೆಂದು ಭಾವಿಸಲಾಗಿದೆ" ಎಂಬ ಒಕ್ಕಣೆ ಬಂದಾಗಲೂ ಅತ್ತೆಯದು ವ್ಯಾಕರಣದ ತಕರಾರು. "ಭಾವಿಸಿದ್ದು ಅವ್ರು. ನಾನು ಭಾವಿಸಿಲ್ವಲ್ಲ."

ಇಬ್ಬರು ಹೆಂಗಸರೂ ದೆಹಲಿಗೆ ಹೋದರು. ಅತ್ತೆ ವಾಯುನೆಲೆಯಲ್ಲಿ ಇದ್ದಷ್ಟು ದಿನ ಕಲಿತ ಹಿಂದಿ ತರಕಾರಿಯವನ ಹತ್ತಿರ ಚೌಕಾಸಿ ಮಾಡುವ ಮಟ್ಟದ್ದು. ಕಚೇರಿಯಿಂದ ಕಚೇರಿಗೆ ಹೋಗಿ, "ಕೌನ್? ಕಬ್? ಕಹಾಂ?" ಎಂದು ಯಾರು, ಯಾವಾಗ, ಎಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಬದನೆಕಾಯಿಯ ಬೆಲೆ ಕೇಳಿದಷ್ಟೇ ಜೋರಾಗಿ ಕೇಳಿದಳಂತೆ. ಎಲ್ಲರೂ ಮರ್ಯಾದೆಯಿಂದ ಕೂರಿಸಿ ಚಹಾ ಕೊಟ್ಟರು. ಏನಾದರೂ ತಿಳಿದರೆ ತಿಳಿಸುತ್ತೇವೆ ಎಂದರು. ಹಿಂತಿರುಗುವಾಗ ರೈಲಿನಲ್ಲಿ ಹುಳಿಯನ್ನ ಹಳಸಿಹೋಗಿ ಇಬ್ಬರೂ ಬರೀ ಸೌತೆಕಾಯಿ ತಿಂದುಕೊಂಡು ಬಂದರು. ಅತ್ತೆ ಈ ಪ್ರವಾಸವನ್ನು ವರ್ಣಿಸುವಾಗ ಸೌತೆಕಾಯಿಗೆ ಕೊಡುವಷ್ಟು ಸಮಯವನ್ನು ಅಧಿಕಾರಿಗಳಿಗೆ ಕೊಡುವುದಿಲ್ಲ. ಬಂದ ಮೇಲೆ ವರ್ಷಕ್ಕೊಂದು ವಿಚಾರಣೆ ಪತ್ರವನ್ನು ದೆಹಲಿಗೆ ಬರೆಯತೊಡಗಿದಳು, ಪೀಣ್ಯದ ಕೆಲಸಕ್ಕೂ ಸೇರಿದಳು. ಬಕಲ್ ಮಾಡುವ ಕಡೆಯೇ ಏಕೆ ಎಂದು ನಾವು ಯಾರೂ ಕೇಳಲಿಲ್ಲ.

ನಾನು ಡಬ್ಬಿ ಒಯ್ದ ಒಂದು ಮಧ್ಯಾಹ್ನ ವಸಂತಾ ಆಂಟಿ ಆ ಶೆಡ್ಡಿಗೆ ಬಂದರು. ನೀಲಗಿರಿ ಮರದ ಕೆಳಗೆ ಮರದ ಖಾಲಿ ಪೆಟ್ಟಿಗೆಗಳ ಮೇಲೆ ಮೂವರೂ ಕೂತೆವು. ಅತ್ತೆ ಕೊಟ್ಟ ತುತ್ತನ್ನು ಆಂಟಿ ಕೈಯಲ್ಲೇ ಇಟ್ಟುಕೊಂಡಿದ್ದರು.

"ಮನೇಲಿ ಇನ್ನೊಂದು ಮದುವೆ ಮಾಡ್ಕೋ ಅಂತಿದಾರೆ ರತ್ನಾ. ಮಹದೇವಪುರದಲ್ಲಿ ಫ್ಯಾಕ್ಟ್ರೀಲಿ ಇಂಜಿನಿಯರ್. ಗೋವಿಂದರಾಜ್ ಅಂತ. ಒಳ್ಳೇ ಮನುಷ್ಯ. ನನ್ಗೂ... ಒಪ್ಪಿಗೆ ಆಗ್ತಾ ಇದೆ. ಆದ್ರೆ ಅದು ಸಂಪತ್‌ದೇ ಆಗಿದ್ರೆ? ನಾಳೆ ಬಂದು ನಿಂತ್ರೆ?"

ಅತ್ತೆ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. "ಮಾಡ್ಕೋ," ಎಂದಳು.

"ಬಂದ್ರೆ?"

"ಬಂದ್ರೆ ನನ್ನ ಹತ್ರ ಕಳ್ಸು. ಮೊದ್ಲು ಊಟಕ್ಕೆ ಹಾಕ್ತೀನಿ. ಹೊಟ್ಟೆ ತುಂಬಿದ್ಮೇಲೆ ಹೇಳ್ತೀನಿ. ಬೈಕೊಂಡ್ರೆ ನನ್ನೇ ಬೈಕೊಳ್ಲಿ. ನೀನು ಕಾಯೋದು ನಿಲ್ಸು ವಸಂತಾ. ಇಬ್ರಿಗೂ ಸೇರಿಸಿ ನಾನೊಬ್ಳು ಕಾಯ್ತೀನಿ, ಸಾಕು. ನನ್ಗೆ ಅದು ಕಷ್ಟ ಅಲ್ಲ, ನನ್ನ ಜಾಯಮಾನವೇ ಅಂಥದ್ದು."

ವಸಂತಾ ಆಂಟಿ ತುತ್ತನ್ನು ಬಾಯಿಗೆ ಹಾಕಿಕೊಂಡರು. ಅಗಿಯಲಾರದೆ ಅಗಿದರು. ನನಗಾಗ ಹದಿಮೂರು ವರ್ಷ. ಸಿನಿಮಾದಲ್ಲಿ ಮಾತ್ರ ಇಂಥ ಮಾತುಗಳನ್ನು ಆಡುತ್ತಾರೆ, ಆಗ ಹಿಂದೆ ಪಿಟೀಲು ಕೇಳಿಸುತ್ತದೆ ಎಂದುಕೊಂಡಿದ್ದೆ. ಇಲ್ಲಿ ಹಿಂದೆ ಲೇತ್ ಕಿರ್ರೆನ್ನುತ್ತಿತ್ತು. ಅತ್ತೆ ಉಪ್ಪಿನಕಾಯಿ ತರಲಿಲ್ಲವೆಂದು ನನ್ನನ್ನು ಬೈದಳು.

ಗೋವಿಂದರಾಜ್ ಅಂಕಲ್ ನಿಜಕ್ಕೂ ಒಳ್ಳೆಯ ಮನುಷ್ಯ. ಈ ಮರದ ಕೆಳಗಿನ ಕರಾರನ್ನು ವಸಂತಾ ಆಂಟಿ ಮದುವೆಗೆ ಮುಂಚೆಯೇ ಅವರಿಗೆ ಹೇಳಿದ್ದರು. ಅವರು ಒಂದು ಭಾನುವಾರ ಸ್ಕೂಟರಿನಲ್ಲಿ ಅಷ್ಟು ದೂರದಿಂದ ನಮ್ಮ ಮನೆಗೆ ಬಂದರು. ಹಿಂದಿನ ಸೀಟಿಗೆ ಒಂದು ಟೈಪ್‌ರೈಟರ್ ಕಟ್ಟಿಕೊಂಡು ಬಂದಿದ್ದರು.

"ನಿಮ್ಮ ಕೈಬರಹ ದೆಹಲಿಯೋರಿಗೆ ಅರ್ಥ ಆಗ್ತಿದ್ಯೋ ಇಲ್ವೋ ಸಿಸ್ಟರ್," ಎಂದರು. "ಇನ್ಮೇಲೆ ವಿಚಾರಣೆ ಪತ್ರ ನಾನು ಟೈಪ್ ಮಾಡ್ತೀನಿ."

ಅವತ್ತಿನಿಂದ ಪ್ರತಿ ವರ್ಷವೂ ಅವರೇ ಟೈಪ್ ಮಾಡಿದರು. ತನ್ನ ಹೆಂಡತಿಯ ಮೊದಲ ಗಂಡ ಎಲ್ಲಿದ್ದಾನೆ, ದಯವಿಟ್ಟು ಹುಡುಕಿಕೊಡಿ ಎಂದು ಸರ್ಕಾರಕ್ಕೆ ಬರೆಯುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಅಪ್ಪ ಒಮ್ಮೆ, "ಸಿಕ್ಕಿದ್ರೆ ನಿಮ್ಗೆ ಕಷ್ಟ ಆಗಲ್ವೇನ್ರೀ?" ಎಂದು ಕೇಳಿಯೇಬಿಟ್ಟರು. ಅಂಕಲ್ ಟೈಪ್‌ರೈಟರಿನಿಂದ ಹಾಳೆ ಬಿಡಿಸುತ್ತ, "ಆಗತ್ತೆ ಸಾರ್. ಆದ್ರೂ ಸಿಗ್ಲಿ" ಎಂದರು.

ಅಂಕಲ್ ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂದಿದೆ. ಈಗ ಮಿಂಚಂಚೆ. ಅತ್ತೆಗೆ ಎಂಬತ್ತು ಸಮೀಪಿಸುತ್ತಿದೆ. ನನ್ನ ಹಿಂದೆ ನಿಂತು, ಅಕ್ಷರ ಅಕ್ಷರ ಪರೀಕ್ಷಿಸುತ್ತಾಳೆ. ಇಡೀ ಆಯುಷ್ಯ ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಹುಡುಕಿದ ನನ್ನ ಪತ್ರದಲ್ಲಿ ಅವಳು ತಪ್ಪು ಹುಡುಕುತ್ತಾಳೆ. ಸಿಗುತ್ತದೆ. "ಎರಡು ಹೆಸರೂ ಒಂದೇ ಸಾಲಲ್ಲಿ ಬರ್ಬೇಕು ಪುಟ್ಟಿ. ಸಂಪತ್‌ದು ಕೆಳಗಿನ ಸಾಲಿಗೆ ಹೋಯ್ತು ನೋಡು, ತಿದ್ದು" ಎನ್ನುತ್ತಾಳೆ. ಅರವತ್ತು ದಾಟಿದವಳನ್ನು ಪುಟ್ಟಿ ಎನ್ನುವವರು ಈಗ ಅವಳೊಬ್ಬಳೇ. ಹಾಗಾಗಿ ತಿದ್ದುತ್ತೇನೆ.

ಕಳೆದ ತಿಂಗಳು ಅತ್ತೆಯೂ ನಾನೂ ವೈಟ್‌ಫೀಲ್ಡಿಗೆ ಹೋಗಿದ್ದೆವು. ವಸಂತಾ ಆಂಟಿ ಅಲ್ಲಿ ಮಗಳು ಮೀರಾಳ ಫ್ಲ್ಯಾಟಿನಲ್ಲಿದ್ದಾರೆ. ಈಚೆಗೆ ಅವರಿಗೆ ಮರೆವಿನ ಕಾಯಿಲೆ. ಜಾಲಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಕಡೆಯ ನಿಲ್ದಾಣದ ತನಕ ಹೋಗಬೇಕು. ಅತ್ತೆ ತಿಂಗಳಿಗೊಮ್ಮೆ ಹೋಗುವುದನ್ನು ತಪ್ಪಿಸಿಲ್ಲ. ಮಂಡಿನೋವಿಗೆ ಎಣ್ಣೆ ಸವರಿಕೊಂಡು ಹೊರಟಳೆಂದರೆ, ಕೊರಳಿಗೆ ಗುರುತುಚೀಟಿ ನೇತುಹಾಕಿಕೊಂಡ ಹುಡುಗರ ನಡುವೆ ಬೇವಿನೆಣ್ಣೆಯ ವಾಸನೆಯೇ ಅವಳಿಗೆ ದಾರಿ ಬಿಡಿಸುತ್ತದೆ.

ಅವತ್ತು ಆಂಟಿ ಬಾಲ್ಕನಿಯಲ್ಲಿ ಕೂತಿದ್ದರು. ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲವಂತೆ. ಅತ್ತೆಯನ್ನು ಕಂಡದ್ದೇ ಕೈ ಹಿಡಿದುಕೊಂಡರು.

"ರತ್ನಾ, ಸಂಪತ್ ಬಂದ್ರಾ?"

ಮೀರಾ ನನ್ನ ಮುಖ ನೋಡಿದಳು. ಅತ್ತೆಯ ಕಿವಿಯ ಹತ್ತಿರ ಬಗ್ಗಿ, "ಎರಡು ದಿನದಿಂದ ಇದನ್ನೇ ಕೇಳ್ತಿದಾರೆ ಆಂಟಿ. ಬರ್ತಾರೆ, ನಾಳೆ ಬರ್ತಾರೆ ಅಂತ ಹೇಳ್ಬಿಡಿ. ಡಾಕ್ಟರೂ ಹಾಗೇ ಹೇಳಿ ಅಂದಿದಾರೆ. ಸಮಾಧಾನ ಆಗ್ತಾರೆ" ಎಂದಳು.

ಮೀರಾ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಅತ್ತೆ ಅವಳ ಕೆನ್ನೆ ಸವರಿದಳು. "ಬೇರೆ ಏನು ಬೇಕಾದ್ರೂ ಹೇಳ್ತೀನಿ ಕಣೇ. ಈ ವಿಷಯದಲ್ಲಿ ನಾವಿಬ್ರೂ ಸುಳ್ಳು ಹೇಳ್ಕೊಂಡಿಲ್ಲ," ಎಂದು ಆಂಟಿಯ ಕಡೆ ತಿರುಗಿದಳು. "ಬಂದಿಲ್ಲ ವಸಂತಾ. ಏನಾಯ್ತು ಅಂತಾನೂ ಗೊತ್ತಾಗಿಲ್ಲ. ಈ ವರ್ಷದ ಪತ್ರ ಕಳ್ಸಿದೀನಿ."

ಆಂಟಿ ಅತ್ತೆಯ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಗೋಡೆಯ ಮೇಲಿದ್ದ ಗೋವಿಂದರಾಜ್ ಅಂಕಲ್ ಫೋಟೋ ಕಡೆ ಬೆರಳು ತೋರಿಸಿದರು.

"ಇವ್ರು ಟೈಪ್ ಮಾಡಿದ್ರಾ?"

"ಇಲ್ಲ. ಈಗ ಪುಟ್ಟಿ ಮಾಡ್ತಾಳೆ. ತಪ್ಪು ಮಾಡ್ತಾಳೆ, ನಾನು ತಿದ್ದಿಸ್ತೀನಿ."

"ಹೂಂ. ಸರಿ." ಆಂಟಿ ತಲೆಯಾಡಿಸಿದರು. ಮೀರಾ ತಂದಿಟ್ಟ ಇಡ್ಲಿಯನ್ನು ಅತ್ತೆ ಮುರಿದು ಕೊಟ್ಟಳು. ಒಂದೊಂದೇ ತುಂಡು ತಿಂದರು. ಪೂರ್ತಿ ತಿಂದರು.

ಹಿಂತಿರುಗುವ ಮೆಟ್ರೋದಲ್ಲಿ ಇಬ್ಬರಿಗೂ ಕೂರಲು ಸಿಕ್ಕಿತು. ಕಿಟಕಿಯಾಚೆ ಗಾಜಿನ ಕಟ್ಟಡಗಳ ಮೇಲೆ ಸಂಜೆ ಬಿಸಿಲು ಹೊಳೆಯುತ್ತಿತ್ತು. ಐವತ್ತು ವರ್ಷಕ್ಕೂ ಮೇಲ್ಪಟ್ಟು ನಮ್ಮ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಅವತ್ತು ನನ್ನ ಬಾಯಿಗೆ ಬಂದುಬಿಟ್ಟಿತು.

"ಅತ್ತೆ, ನಿಜ ಹೇಳು. ಆ ಪ್ಯಾರಾಚೂಟ್ ಯಾರದ್ದು ಅಂತ ನಿನಗನ್ಸತ್ತೆ?"

ಅವಳು ಸಿಟ್ಟಾಗಲಿಲ್ಲ. ಮಡಿಲಲ್ಲಿದ್ದ ಚೀಲದ ಮೇಲೆ ಕೈ ಇಟ್ಟುಕೊಂಡು ಯೋಚಿಸಿದಳು. ಎರಡು ನಿಲ್ದಾಣ ಕಳೆದವು. ಹತ್ತುವವರು ಹತ್ತಿದರು, ಇಳಿಯುವವರು ಇಳಿದರು.

"ಅದು ಗೊತ್ತಿಲ್ಲ ಪುಟ್ಟಿ," ಎಂದಳು. "ಆದ್ರೆ ಯಾರದ್ದೇ ಆಗಿರ್ಲಿ, ಕೆಳಗೆ ಇಳಿಯೋವಾಗ ಅವನು ಸುತ್ತಲೂ ತಿರುಗಿ ತಿರುಗಿ ಇನ್ನೊಬ್ಬನ್ನ ಹುಡುಕಿರ್ತಾನೆ. ಅಷ್ಟು ಮಾತ್ರ ನನಗೆ ಗೊತ್ತು."